ಹಿಂದಕ್ಕೆ ಹರಿದ ನೀರು: ಕಾಗಿಣಾ ಸೀಮೆಯಲ್ಲಿ ಬಾವಿಯಿಂದ ನಳದವರೆಗೆ

ನಳದ ನೀರು ನಿಲ್ಲುವ ಹೊತ್ತಿಗೆ ಅದರ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದೀರಾ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಬೆಳೆದವರು ಚಿಕ್ಕಂದಿನಲ್ಲಿ ಒಮ್ಮೆಯಾದರೂ ಈ ಆಟ ಆಡಿರುತ್ತಾರೆ. ಧಾರೆ ತೆಳುವಾಗುತ್ತದೆ, ಹನಿಯಾಗುತ್ತದೆ, ಆಮೇಲೆ ನಳದೊಳಗಿಂದ ಸುಯ್ ಎಂಬ ಸದ್ದು ಬರುತ್ತದೆ. ಆಗ ಅಂಗೈ ಇಟ್ಟರೆ ನಳ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಇಷ್ಟು ಹೊತ್ತು ಕೊಡುತ್ತಿದ್ದ ಬಾಯಿ ಈಗ ಕುಡಿಯುತ್ತಿದೆ.

ಏನನ್ನು ಕುಡಿಯುತ್ತದೆ? ಬಾಯಿ ಬಯಲಿಗಿದ್ದರೆ ಗಾಳಿಯನ್ನು. ನಳಕ್ಕೆ ಸಿಕ್ಕಿಸಿದ ರಬ್ಬರ್ ಪೈಪಿನ ಇನ್ನೊಂದು ತುದಿ ಬ್ಯಾರಲ್ಲಿನ ತಳದಲ್ಲಿ ಮುಳುಗಿದ್ದರೆ ಬ್ಯಾರಲ್ಲಿನ ನೀರನ್ನು. ಬಟ್ಟೆ ನೆನೆಸಿದ ಬಕೀಟಿನಲ್ಲಿದ್ದರೆ ಆ ಸಾಬೂನಿನ ನೀರನ್ನು, ಎಮ್ಮೆ ಬಾಯಿ ಹಾಕಿದ ಬಾನಿಯಲ್ಲಿದ್ದರೆ ಆ ಬಾನಿಯ ನೀರನ್ನು. ಬೀದಿಯಲ್ಲಿ ಎಲ್ಲೋ ಪೈಪಿನ ಕೀಲು ಚರಂಡಿಯ ಮಗ್ಗುಲಲ್ಲಿ ಸಡಿಲಾಗಿದ್ದರೆ ಚರಂಡಿಯ ನೀರನ್ನೇ. ಹೀಗೆ ಒಳಸೇರಿದ್ದು ಕೊಳವೆಯೊಳಗೆ ಕಾದು ಕೂತು, ಮುಂದಿನ ಸರದಿಯಲ್ಲಿ ನಳ ಬಂದಾಗ ಇಳಿಜಾರಿನ ಕೆಳಗಿನ ಯಾವುದೋ ಮನೆಯ ಕೊಡಕ್ಕೆ ಬೀಳುತ್ತದೆ. ಮೇಲಿನ ಮನೆಯವರಿಗೆ ಇದು ತಿಳಿಯುವುದಿಲ್ಲ. ಕೆಳಗಿನ ಮನೆಯವರಿಗೂ ತಿಳಿಯುವುದಿಲ್ಲ, ಮಗುವಿಗೆ ಜ್ವರ ಬರುವವರೆಗೆ.

ನೀರು ಸರಬರಾಜಿನ ಭಾಷೆಯಲ್ಲಿ ಇದಕ್ಕೆ ಹಿಮ್ಮುಖ ಹರಿವು ಎಂದು ಹೆಸರು. ಅದನ್ನು ತಡೆಯುವ ಹಿತ್ತಾಳೆಯ ಪುಟ್ಟ ತುಂಡನ್ನು ಪ್ಲಂಬರುಗಳು ನಾನ್ ರಿಟರ್ನ್ ವಾಲ್ವ್ ಅಥವಾ ಚುಟುಕಾಗಿ ಎನ್‌ಆರ್‌ವಿ ಎನ್ನುತ್ತಾರೆ. ನೀರಿನ ಚರಿತ್ರೆ ಬರೆಯುವವರು ಕೆರೆ, ಕಾಲುವೆ, ಅಣೆಕಟ್ಟುಗಳನ್ನು ಬರೆದಷ್ಟು ಈ ತಡೆಯನ್ನು ಬರೆದಿಲ್ಲ. ನೀರನ್ನು ತರುವುದು ದೊಡ್ಡ ಕೆಲಸ, ಹೌದು. ತಂದ ನೀರು ಹಿಂದಕ್ಕೆ ಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಹಳೆಯ ಕೆಲಸ. ಆ ಕೆಲಸದಲ್ಲಿ ನಾವು ಯಾರನ್ನು ತಡೆದೆವು, ಯಾವುದನ್ನು ಒಳಗೆ ಬಿಟ್ಟೆವು ಎಂಬ ಲೆಕ್ಕ ಈ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ.

ನೀರು ಹಿಂದಕ್ಕೆ ಹೋಗುವ ನೋಟ ಇಲ್ಲಿಯವರಿಗೆ ಹೊಸದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಮಗ್ಗುಲಲ್ಲೇ ಕಾಗಿಣಾ ಹರಿಯುತ್ತದೆ. ಮಳೆ ಜೋರಾದ ವರ್ಷ ಆ ಹೊಳೆ ಮಳಖೇಡದ ಸೇತುವೆ ಮುಳುಗಿಸಿ ಕಲಬುರಗಿ–ಸೇಡಂ ದಾರಿ ಕಡಿಯುವುದನ್ನೂ, ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ ಸೇತುವೆಯ ಮೇಲೆ ಹಾಯುವುದನ್ನೂ ಜನ ಕಂಡಿದ್ದಾರೆ. ಹೊಳೆ ತುಂಬಿದಾಗ ಅದನ್ನು ಸೇರಬೇಕಾದ ಹಳ್ಳ ಮುಂದೆ ಹೋಗಲಾರದೆ ಬಂದ ದಾರಿಯಲ್ಲೇ ಏರಿ ಹೊಲಕ್ಕೆ ನುಗ್ಗುತ್ತದೆ. ನಾವು ಅದನ್ನು ಹಿನ್ನೀರು ಎನ್ನುತ್ತೇವೆ. ಕೊಳವೆಯೊಳಗೂ ಹೀಗೇ. ಮಾಳಿಗೆಯ ಮೇಲಿನ ಟಾಕಿ, ಕಾರ್ಖಾನೆಯ ಪಂಪು ಅಥವಾ ಬಾಯ್ಲರು ಬೀದಿಯ ಕೊಳವೆಗಿಂತ ಹೆಚ್ಚು ಒತ್ತಡ ಹಾಕಿದರೆ ನೀರು ಮನೆಯಿಂದ ಬೀದಿಗೆ ತಳ್ಳಲ್ಪಡುತ್ತದೆ. ಇದು ಒಂದು ಬಗೆ. ಬೀದಿಯ ಕೊಳವೆಯೇ ಬರಿದಾಗಿ ಮನೆಯ ನೀರನ್ನು ಹೀರುವುದು ಇನ್ನೊಂದು ಬಗೆ. ಅಂಗೈ ಎಳೆಯುವ ನಳ ಈ ಎರಡನೆಯದರ ಸಾಕ್ಷಿ.

ಕೊಳವೆ ಬರುವ ಮೊದಲೇ ಈ ಸೀಮೆ ಹಿಮ್ಮುಖ ಹರಿವಿನ ದೊಡ್ಡ ದಂಡ ತೆತ್ತಿತ್ತು. ಅದರ ಹೆಸರು ನಾರುಹುಣ್ಣು. ಬಯಲುಸೀಮೆಯ ಊರುಗಳಲ್ಲಿ ಕುಡಿಯುವ ನೀರಿಗೆ ಮೆಟ್ಟಿಲ ಬಾವಿಗಳಿದ್ದವು. ಕಲ್ಲಿನ ಮೆಟ್ಟಿಲಿಳಿದು, ಮೊಣಕಾಲು ಮಟ್ಟ ನೀರಿಗಿಳಿದು ಕೊಡ ತುಂಬುತ್ತಿದ್ದರು. ನಾರುಹುಳು ಮನುಷ್ಯನ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದು, ಹೆಚ್ಚಾಗಿ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಬರುತ್ತದೆ. ಹೆಣ್ಣುಹುಳು ಒಂದು ಮೀಟರಿನವರೆಗೂ ಉದ್ದ ಇರಬಹುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕು. ಉರಿ ತಾಳಲಾರದೆ ರೋಗಿ ಕಾಲನ್ನು ತಣ್ಣೀರಿಗೆ ಇಳಿಸಿದ ಕ್ಷಣ ಹುಳು ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸಣ್ಣ ನೀರಜೀವಿ ಅವನ್ನು ತಿನ್ನುತ್ತದೆ, ಆ ನೀರು ಕುಡಿದವರ ಮೈಯಲ್ಲಿ ಹೊಸ ಹುಳು ಬೆಳೆಯುತ್ತದೆ. ನೀರು ಬಾವಿಯಿಂದ ಮನುಷ್ಯನಿಗೆ, ಹುಣ್ಣು ಮನುಷ್ಯನಿಂದ ಬಾವಿಗೆ: ಒಂದೇ ಮೆಟ್ಟಿಲ ಸಾಲಿನ ಮೇಲೆ ಎರಡೂ ದಿಕ್ಕಿನ ಸಂಚಾರ.

ಅದೇ ಬಾವಿಯ ದಂಡೆಯಲ್ಲಿ ಇನ್ನೊಂದು ತಡೆ ಬಹಳ ಕಟ್ಟುನಿಟ್ಟಾಗಿ ಕೆಲಸ ಮಾಡುತ್ತಿತ್ತು. ದಲಿತರು ಮೆಟ್ಟಿಲಿಳಿಯುವಂತಿರಲಿಲ್ಲ. ಕೊಡ ದೂರವಿಟ್ಟು, ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯಬೇಕಿತ್ತು. ಬಾಯಾರಿದರೆ ಬೊಗಸೆ ಒಡ್ಡಬೇಕಿತ್ತು, ನೀರು ಎತ್ತರದಿಂದ ಬೀಳುತ್ತಿತ್ತು, ಸುರಿಯುವವನ ಪಾತ್ರೆ ಕೈಗೆ ತಾಗದಷ್ಟು ಅಂತರದಿಂದ. ಶುದ್ಧಿ ಕಾಯುತ್ತೇವೆಂದು ನಂಬಿದ ಊರುಗಳು ಮನುಷ್ಯರನ್ನು ಬಾವಿಯಿಂದ ದೂರವಿಟ್ಟವು, ಹುಳುವಿಗೆ ಮಾತ್ರ ಮೆಟ್ಟಿಲುಗಳನ್ನು ತೆರೆದಿಟ್ಟವು. ಮೆಟ್ಟಿಲಿಳಿಯುವ ಹಕ್ಕಿದ್ದವರ ಕಾಲಿನಿಂದಲೇ ರೋಗ ನೀರಿಗಿಳಿಯುತ್ತಿತ್ತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಈ ತಡೆಯನ್ನು ಮುರಿಯಲು. ಅಂದು ಅಲ್ಲಿ ಸೇರಿದ್ದವರು ಕೇಳಿದ್ದು ಎಲ್ಲರೂ ಮುಟ್ಟುವ ನೀರನ್ನು. ಆ ದಿನ ಕುಡಿದ ಬೊಗಸೆ ನೀರಿಗೆ ಕಾನೂನಿನ ಹೋರಾಟ ಹತ್ತು ವರ್ಷ ನಡೆಯಿತು.

ನಾರುಹುಣ್ಣಿಗೆ ಲಸಿಕೆಯೂ ಇರಲಿಲ್ಲ, ಹುಳು ಕೊಲ್ಲುವ ಮದ್ದೂ ಇರಲಿಲ್ಲ. 1983–84ರಲ್ಲಿ ಭಾರತ ಸರ್ಕಾರ ನಿರ್ಮೂಲನ ಕಾರ್ಯಕ್ರಮ ಆರಂಭಿಸಿದಾಗ ರೋಗವಿದ್ದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅಂದಿನ ಗುಲಬರ್ಗಾ ಸೀಮೆಯೂ ಅದರ ನೆಲೆಗಳಲ್ಲಿ ಸೇರಿತ್ತು. ಮಾಡಿದ ಕೆಲಸಗಳು ಸರಳವಾಗಿದ್ದವು. ಮೆಟ್ಟಿಲುಗಳನ್ನು ಮುಚ್ಚಿ ಕಟ್ಟೆ ಏರಿಸಿ, ಗಾಲಿ ಕೂಡಿಸಿ, ಹಗ್ಗದಿಂದ ಸೇದುವ ಬಾವಿಗಳನ್ನಾಗಿ ಮಾಡಿದರು. ಕೈಪಂಪು ಹಾಕಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಬಾವಿಗೆ ಕಟ್ಟೆ ಕಟ್ಟುವುದೆಂದರೆ ನೀರು ಮೇಲೆ ಬರಲಿ, ಕಾಲು ಕೆಳಗೆ ಹೋಗದಿರಲಿ ಎಂದು ಏರ್ಪಾಟು ಮಾಡುವುದು. ಎನ್‌ಆರ್‌ವಿ ಮಾಡುವ ಕೆಲಸವೂ ಇದೇ.

ಯಂತ್ರದ ರೂಪದಲ್ಲೂ ಈ ತಡೆ ನಮ್ಮಲ್ಲಿತ್ತು. ಕಂಬಾರನ ಕುಲುಮೆಯ ತಿದಿಯನ್ನು ನೆನೆಯಿರಿ. ತಿದಿ ಉಬ್ಬುವಾಗ ಚರ್ಮದ ನಾಲಗೆ ತೆರೆದು ಗಾಳಿಯನ್ನು ಒಳಗೆ ಬಿಡುತ್ತದೆ, ಒತ್ತುವಾಗ ಮುಚ್ಚಿಕೊಂಡು ಗಾಳಿಯನ್ನು ಬೆಂಕಿಯ ಕಡೆಗೇ ಕಳಿಸುತ್ತದೆ. ಮೈಯ ರಕ್ತನಾಳಗಳಲ್ಲಿ ಇಂಥವೇ ಬಾಗಿಲುಗಳಿರುವುದನ್ನು ಯೋಚಿಸಿಯೇ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಎಂಬ ತೀರ್ಮಾನಕ್ಕೆ ಬಂದು 1628ರಲ್ಲಿ ಪುಸ್ತಕ ಬರೆದ. ಕಾಗಿಣಾ ಸೀಮೆಗೆ ಕಬ್ಬಿಣ–ಹಿತ್ತಾಳೆಯ ಹಿಂದಿರುಗದ ಬಾಗಿಲು ಬಂದದ್ದು ರೈಲಿನೊಂದಿಗೆ. 1871ರ ಹೊತ್ತಿಗೆ ಬೊಂಬಾಯಿ ಕಡೆಯ ಹಳಿ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿತ್ತು. 1874ರಲ್ಲಿ ನಿಜಾಮರ ರೈಲ್ವೆ ವಾಡಿಯಿಂದ ಸಿಕಂದರಾಬಾದಿಗೆ ತೆರೆದು, ವಾಡಿ ಕೂಡುನಿಲ್ದಾಣವಾಯಿತು. ಉಗಿಬಂಡಿಯ ಬಾಯ್ಲರಿನೊಳಗೆ ಉಗಿಯ ಒತ್ತಡ ಭಾರಿ. ಅದರೊಳಕ್ಕೆ ತಣ್ಣೀರು ತಳ್ಳಬೇಕು, ಕುದಿನೀರು ಅದೇ ದಾರಿಯಲ್ಲಿ ಹೊರಗೆ ಚಿಮ್ಮಬಾರದು. ಅದಕ್ಕಾಗಿ ನೀರು ಒಳಹೋಗುವಲ್ಲಿ ಒಂದು ಬಾಗಿಲು. ಮುಚ್ಚುವಾಗ ಅದು ಮಾಡುವ ಸದ್ದಿನಿಂದಲೇ ಇಂಗ್ಲಿಷರು ಅದನ್ನು ಕ್ಲ್ಯಾಕ್ ವಾಲ್ವ್ ಎಂದರು. ಆಮೇಲೆ ಹೊಲದ ಬಾವಿಗಳಿಗೆ ಪಂಪು ಬಂದಾಗ ಅದರ ತಮ್ಮ ಫುಟ್‌ವಾಲ್ವ್ ರೈತರಿಗೆ ಪರಿಚಯವಾಯಿತು. ಫುಟ್‌ವಾಲ್ವ್ ನೀರು ಹಿಡಿಯದಿದ್ದರೆ ಪ್ರತಿ ಸಲವೂ ಪಂಪಿಗೆ ಕೊಡದಿಂದ ನೀರು ಹೊಯ್ಯಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಂತ್ರ ಕೆಡದಿರಲಿ ಎಂದು ಹಾಕಿದ ಬಾಗಿಲು ಮನುಷ್ಯನ ಆರೋಗ್ಯಕ್ಕೂ ಬೇಕು ಎಂಬ ಅರಿವು ಬೇರೆ ದಾರಿಯಿಂದ ಬಂತು. ವಾಡಿಯಿಂದ ನಿಜಾಮರ ರೈಲು ಹೊರಡುವ ಹಿಂದಿನ ವರ್ಷ, 1873ರ ಕೊನೆಯಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನ ಕೀಸ್ ಕಾಲೇಜಿನಲ್ಲಿ ಟೈಫಾಯ್ಡ್ ಹಬ್ಬಿತು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಟ್ರೀ ಕೋರ್ಟ್ ಎಂಬ ಹೊಸ ಕಟ್ಟಡದವರು. ಹಳೆಯ ಕೋಣೆಗಳವರಿಗಿಂತ ಹೊಸ ಅನುಕೂಲಗಳ ನಡುವೆ ಇದ್ದವರೇ ಹೆಚ್ಚು ನರಳಿದ್ದರು. ತನಿಖೆಗೆ ಬಂದ ವೈದ್ಯ ಜಾರ್ಜ್ ಬ್ಯುಕಾನನ್ ಕಂಡುಕೊಂಡದ್ದು ಇಷ್ಟು: ಶೌಚಾಲಯಕ್ಕೆ ನೀರು ಕೊಡುವ ಕೊಳವೆಯೂ ಕುಡಿಯುವ ನೀರಿನ ಕೊಳವೆಯೂ ನೇರವಾಗಿ ಕೂಡಿಕೊಂಡಿದ್ದವು, ಊರಿನ ನೀರು ನಿಂತಾಗ ಕೊಳವೆ ಶೌಚಾಲಯದ ಕಡೆಯಿಂದ ಹೀರಿಕೊಂಡಿತ್ತು. ಟೈಫಾಯ್ಡ್ ರೋಗಾಣುವನ್ನು ಎಬರ್ತ್ ಗುರುತಿಸಿದ್ದು 1880ರಲ್ಲಿ. ರೋಗಾಣುವನ್ನು ಯಾರೂ ಕಾಣುವ ಮೊದಲೇ ಬ್ಯುಕಾನನ್ ಅದು ಬಂದ ದಾರಿಯನ್ನು ಕಂಡಿದ್ದ.

ಆ ಪಾಠ ಎಲ್ಲರಿಗೂ ದಾಟಲಿಲ್ಲ. 1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ವಿಶ್ವ ಮೇಳ ನಡೆಯುವಾಗ ಅಕ್ಕಪಕ್ಕದ ಎರಡು ದೊಡ್ಡ ಹೋಟೆಲುಗಳಲ್ಲಿ ತಂಗಿದ್ದವರಿಗೆ ಅಮೀಬಾ ಆಮಶಂಕೆ ಅಂಟಿತು. ದೇಶದ ನಾನಾ ಕಡೆಯಿಂದ ಬಂದವರು ರೋಗವನ್ನು ಹೊತ್ತುಕೊಂಡೇ ಮನೆ ಸೇರಿದ್ದರಿಂದ ಅದು ಒಂದೇ ಮೂಲದ್ದೆಂದು ಗೊತ್ತಾಗಲು ಸಮಯ ಹಿಡಿಯಿತು. ಲೆಕ್ಕಕ್ಕೆ ಸಿಕ್ಕ ರೋಗಿಗಳು 1,409, ಸತ್ತವರು 98. ಹಳೆಯ ಕೊಳವೆಗಳು, ಕೊಳಚೆಯೊಂದಿಗೆ ತಪ್ಪು ಜೋಡಣೆ, ಹಿಮ್ಮುಖ ಹರಿವು ಎಂಬುದು ತನಿಖೆಯ ಸಾರ. ಅಲ್ಲಿಂದ ಮುಂದೆ ಅಮೆರಿಕದ ಊರುಗಳಲ್ಲಿ ಇದರ ಕಾನೂನು ಬಿಗಿಯಾಯಿತು. 1944ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಥ ಸಾಧನಗಳನ್ನು ಪರೀಕ್ಷಿಸಲೆಂದೇ ಒಂದು ಪ್ರತಿಷ್ಠಾನ ಹುಟ್ಟಿತು.

ಈ ಎರಡು ಕಥೆಗಳನ್ನು ಓದುವ ನಮ್ಮ ಕಡೆಯವರಿಗೆ ಒಂದು ವ್ಯತ್ಯಾಸ ಹೊಳೆಯದಿರದು. ಕೇಂಬ್ರಿಜ್‌ನಲ್ಲಿ ನೀರು ನಿಂತದ್ದು ಅಪರೂಪದ ಅಡಚಣೆ. ನಮ್ಮಲ್ಲಿ ನೀರು ನಿಲ್ಲುವುದೇ ನಿಯಮ, ಬರುವುದು ಸುದ್ದಿ. ವಾಲ್ವ್‌ಮನ್ ಒಂದು ಓಣಿಯ ವಾಲ್ವ್ ತಿರುಗಿಸಿ ಇನ್ನೊಂದು ಓಣಿಗೆ ಬಿಡುವ ಪ್ರತಿ ಸಲವೂ ಹಿಂದಿನ ಓಣಿಯ ಕೊಳವೆ ಬರಿದಾಗುತ್ತದೆ. ಬರಿದಾಗುವ ಕೊಳವೆ ಹೀರುತ್ತದೆ. ಅದರ ಮೇಲೆ, ಸಣ್ಣ ಧಾರೆಗೆ ಬೇಸತ್ತ ಮನೆಗಳು ನಳಕ್ಕೇ ಮೋಟಾರು ಕೂಡಿಸಿ ಎಳೆದರೆ ಬೀದಿಯ ಕೊಳವೆಯಲ್ಲಿ ನೀರು ಇರುವಾಗಲೂ ಹೀರಿಕೆ ಹುಟ್ಟುತ್ತದೆ.

ಇದರ ಅಳತೆ ಕರ್ನಾಟಕದಲ್ಲೇ ಸಿಕ್ಕಿದೆ. 2004ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದು ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳನ್ನು ಹಿಡಿದು, 2008ರ ಹೊತ್ತಿಗೆ ಅಲ್ಲಿ ದಿನವಿಡೀ ನಳದಲ್ಲಿ ನೀರಿರುವಂತೆ ಮಾಡಿತು. ಅದೇ ಊರಿನ ಉಳಿದ ಬಡಾವಣೆಗಳಿಗೆ ಕೆಲವು ದಿನಕ್ಕೊಮ್ಮೆ ನೀರು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕರು ಹುಬ್ಬಳ್ಳಿ–ಧಾರವಾಡದಲ್ಲಿ ಎರಡೂ ಕಡೆಯ ನಳದ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಮಲದ ಸುಳಿವು ಕೊಡುವ ಈ.ಕೋಲಿ ಬ್ಯಾಕ್ಟೀರಿಯಾ, ಸತತ ನೀರಿನ ನಳಗಳ ಮಾದರಿಗಳಲ್ಲಿ ಶೇ. 0.7ರಲ್ಲಿ ಸಿಕ್ಕಿತು, ಸರದಿಯ ನೀರಿನ ನಳಗಳಲ್ಲಿ ಶೇ. 31.7ರಲ್ಲಿ. ಮರುವರ್ಷದ ಬರಹದಲ್ಲಿ ಅವರು ಒತ್ತಡದ ಲೆಕ್ಕವನ್ನೂ ಕೊಟ್ಟರು. ಕೊಳವೆಯಲ್ಲಿ ಸುಮಾರು 12 ಮೀಟರ್ ನೀರಿನ ಕಂಬದಷ್ಟು ಒತ್ತಡ ಇದ್ದಾಗ ಇಂಥ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕಾಣಲಿಲ್ಲ. ಒತ್ತಡ ತೀರ ಇಳಿದಾಗ, ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೂ ಅವು ಕಾಣಿಸಿಕೊಂಡವು. ನಳ ಬಂದ ಕೂಡಲೇ ಬೀಳುವ ಮೊದಲ ನೀರು ಹೆಚ್ಚು ಕೆಟ್ಟಿರುತ್ತದೆ ಎಂಬುದೂ ದಾಖಲಾಯಿತು. ನಮ್ಮ ಮನೆಯ ಹೆಂಗಸರು ಮೊದಲ ನೀರನ್ನು ಅಂಗಳಕ್ಕೆ ಚೆಲ್ಲಿ, ಆಮೇಲಿನದನ್ನು ಬಳಸುವುದಕ್ಕೆ ಹಿಡಿದು, ಕುಡಿಯುವ ಕೊಡವನ್ನು ಕೊನೆಗೆ ಇಡುವ ಕ್ರಮ ಯಾವ ಪ್ರಯೋಗಾಲಯವನ್ನೂ ಕಾಯದೆ ಬಂದದ್ದು.

ಹಾಗಾದರೆ ತಡೆಯುವ ದಾರಿಗಳೇನು? ಎಲ್ಲಕ್ಕಿಂತ ಹಳೆಯದು, ಅಗ್ಗದ್ದು, ಕೆಡಲಾರದ್ದು ಗಾಳಿಯ ಅಂತರ. ನಳದ ಬಾಯಿ ಟಾಕಿಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ನಳದ ವ್ಯಾಸದ ಎರಡರಷ್ಟು, ಎಷ್ಟು ಚಿಕ್ಕ ನಳವಾದರೂ ಒಂದು ಇಂಚಿಗೆ ಕಡಿಮೆಯಿಲ್ಲದಂತೆ, ತುಂಬಿ ತುಳುಕುವ ಅಂಚಿನಿಂದ ಅಳೆಯಬೇಕು ಎಂಬುದು ಪ್ಲಂಬಿಂಗಿನ ರೂಢಿಯ ನಿಯಮ. ನಡುವೆ ಬಯಲಿದ್ದರೆ ನಳ ಎಷ್ಟೇ ಹೀರಿದರೂ ಸಿಗುವುದು ಗಾಳಿ. ತೋಟದ ಪೈಪು ಸಿಕ್ಕಿಸುವ ನಳಕ್ಕೆ ಹೀರಿಕೆ ಹುಟ್ಟಿದೊಡನೆ ಗಾಳಿ ಒಳಬಿಡುವ ಸಣ್ಣ ಸಾಧನ ಹಾಕಬಹುದು. ಮನೆಯ ಸಂಪರ್ಕಕ್ಕೆ ಎನ್‌ಆರ್‌ವಿ. ಅದರ ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗಿರಬೇಕು. ಮಣ್ಣಿನಲ್ಲಿ ಹೂಳದೆ ಬಿಚ್ಚಿ ತೊಳೆಯಲು ಕೈಗೆಟುಕುವಲ್ಲಿ ಕೂಡಿಸಬೇಕು. ಮುಂದೆ ಒಂದು ಜಾಲರಿ ಇದ್ದರೆ ಒಳ್ಳೆಯದು. ಕಾರ್ಖಾನೆ, ಆಸ್ಪತ್ರೆಗಳಂಥ ಅಪಾಯ ಹೆಚ್ಚಿರುವ ಕಡೆ ಎರಡು ಬಾಗಿಲುಗಳ ನಡುವೆ ಒತ್ತಡ ತಗ್ಗಿಸಿದ ಕೋಣೆಯಿರುವ ಸಾಧನ ಬೇಕಾಗುತ್ತದೆ. ಅದರ ಯಾವ ಬಾಗಿಲು ಸೋತರೂ ನಡುವಿನ ಕೋಣೆ ನೀರನ್ನು ಹೊರಗೆ ಚೆಲ್ಲುತ್ತದೆ, ಬೀದಿಗೆ ಬಿಡುವುದಿಲ್ಲ. ಇದನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ಪರೀಕ್ಷೆಯ ಮಾತು ಈ ಸೀಮೆಯಲ್ಲಿ ಇನ್ನೂ ಮುಖ್ಯ. ನಮ್ಮ ಕಾಲಡಿ ಇರುವುದು ಸುಣ್ಣಕಲ್ಲು. ಶಹಾಬಾದಿನ ಹಾಸುಗಲ್ಲಾಗಿ ನಾಡಿನ ಮನೆಗಳ ನೆಲಕ್ಕೆ ಹೋದದ್ದು ಅದೇ, ಶಹಾಬಾದ್, ವಾಡಿ, ಸೇಡಂಗಳಿಗೆ ಸಿಮೆಂಟ್ ಕಾರ್ಖಾನೆ ತಂದದ್ದೂ ಅದೇ. ಅದರ ಸುಣ್ಣ ಕೊಳವೆಬಾವಿಯ ನೀರಿನಲ್ಲಿ ಕರಗಿ ಬರುತ್ತದೆ. ಒಲೆಯ ಮೇಲಿನ ಪಾತ್ರೆಯ ತಳದಲ್ಲಿ ಬಿಳಿಯ ಪೊರೆಯಾಗಿ ಕೂರುವ ಹಾಗೆಯೇ ವಾಲ್ವಿನ ಪೀಠದ ಮೇಲೂ ಕೂರುತ್ತದೆ. ಪೀಠ ಒರಟಾದರೆ ಬಾಗಿಲು ಪೂರಾ ಮುಚ್ಚುವುದಿಲ್ಲ. ನೋಡಿದವರಿಗೆ ಎನ್‌ಆರ್‌ವಿ ಇದೆ, ನೀರಿಗೆ ಅದು ಇಲ್ಲ. ಬಂಡೆಯನ್ನು ಆಳಕ್ಕೆ ಅಗೆಯುವುದು ಕಷ್ಟವಾದ್ದರಿಂದ ಕೊಳವೆಗಳು ಮೇಲ್ಮೇಲೆ, ಎಷ್ಟೋ ಕಡೆ ಚರಂಡಿಯ ಜೊತೆಯಲ್ಲೇ ಸಾಗುವುದೂ ಇಲ್ಲಿಯ ಓಣಿಗಳಲ್ಲಿ ಕಣ್ಣಿಗೆ ಬೀಳುವ ಸಂಗತಿ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಿಂದ ಇದೆ, 2016ರಲ್ಲಿ ಪರಿಷ್ಕಾರಗೊಂಡಿದೆ. ಕುಡಿಯುವ ನೀರಿನ ಕೊಳವೆ ಬೇರೆ ನೀರಿನ ಕೊಳವೆಯೊಂದಿಗೆ ಕೂಡಬಾರದೆಂದು ಅದು ಹೇಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದು ಈ.ಕೋಲಿಯೂ ಇರಕೂಡದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ'ಯಾಗಿ ಹಳ್ಳಿಹಳ್ಳಿಗೆ ನಳ ತಂದಿದೆ. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದವರಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಆದರೆ ಪ್ರತಿ ಹೊಸ ನಳವೂ ಕೊಳವೆಗೆ ಒಂದು ಹೊಸ ಬಾಯಿ. 2023ರಲ್ಲಿ ಸೇಡಂಗೆ ದೂರವಲ್ಲದ ಯಾದಗಿರಿ ಜಿಲ್ಲೆಯ ಅನಪುರದಲ್ಲಿ, ಅದೇ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಸಾವುಗಳಾದವು. ಪ್ರತಿಯೊಂದರ ಕಾರಣ ಬೇರೆ ಇರಬಹುದು. ನೀರು ತರುವ ಖರ್ಚಿನಲ್ಲಿ ನೀರನ್ನು ಕಾಯುವ ಖರ್ಚೂ ಸೇರಬೇಕೆಂದು ಎರಡೂ ಊರುಗಳು ನೆನಪಿಸುತ್ತವೆ. ಕವಾಡಿಗರಹಟ್ಟಿಯಲ್ಲಿ ನರಳಿದವರು ದಲಿತ ಕೇರಿಯವರು.

ಗಾಳಿಯ ಅಂತರ ಎಂದಾಗಲೆಲ್ಲ ನನಗೆ ಬಾವಿಕಟ್ಟೆಯ ಆ ಬೊಗಸೆ ನೆನಪಾಗುತ್ತದೆ. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿ, ಎಂಜಲು ಮಾಡಬೇಡ ಎಂದು ಅಜ್ಜಿ ಹೇಳುತ್ತಿದ್ದ ಮಾತಿನಲ್ಲಿ ಪ್ಲಂಬಿಂಗಿನ ನಿಯಮವೇ ಇತ್ತು. ಅದೇ ನಿಯಮವನ್ನು ಬೊಗಸೆ ಒಡ್ಡಿದವರ ಮೇಲೆ ಪ್ರಯೋಗಿಸಿದಾಗ ಅದು ಅವಮಾನವಾಯಿತು. ಅಂತರ ಇಡಬೇಕಾದದ್ದು ನಳದ ಬಾಯಿಗೂ ಬ್ಯಾರಲ್ಲಿನ ನೀರಿಗೂ ನಡುವೆ. ನಾವು ಅದನ್ನು ಶತಮಾನಗಳ ಕಾಲ ಮನುಷ್ಯರ ನಡುವೆ ಇಟ್ಟು, ನೀರಿನಲ್ಲಿ ಇಡುವುದನ್ನು ಮರೆತೆವು.

ದಿನವಿಡೀ ಒತ್ತಡದ ನೀರು ಕಾಗಿಣಾ ಸೀಮೆಯ ಎಲ್ಲ ಊರಿಗೂ ಬರಲು ಇನ್ನೂ ಸಮಯ ಹಿಡಿಯಬಹುದು. ಅದನ್ನು ಕೇಳುತ್ತಲೇ ಇರಬೇಕು, ಏಕೆಂದರೆ ತುಂಬಿದ ಕೊಳವೆ ಹೀರುವುದಿಲ್ಲ. ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸಕ್ಕೆ ಖರ್ಚಿಲ್ಲ. ಇಂದು ರಾತ್ರಿ ನಳ ಬಂದಾಗ ರಬ್ಬರ್ ಪೈಪಿನ ತುದಿಯನ್ನು ಬ್ಯಾರಲ್ಲಿನೊಳಗೆ ಮುಳುಗಿಸದೆ ಅಂಚಿನ ಮೇಲೆ ಎತ್ತಿ ಕಟ್ಟಿ. ಇಳಿಜಾರಿನ ಕೆಳಗಿನ ಮನೆಯಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತಿಲ್ಲದಿರಬಹುದು. ಅವರೂ ಅದೇ ಕೊಳವೆಯ ನೀರು ಕುಡಿಯುತ್ತಾರೆ.